ಬಾಗಿಲ ಕಡೆ ಮುಖಮಾಡಿದ ಚಪ್ಪಲಿ

ಭಾಲ್ಕಿಯ ಗಾಣದಿಂದ ಚಿಗವ್ವ ತಂದಿಟ್ಟ ಕುಸುಬಿ ಎಣ್ಣೆ
ಕಂದು ಬಣ್ಣದ ಟಾನಿಕ್ ಬಾಟಲಿಯಲ್ಲಿತ್ತು,
ಟ್ರಂಕಿನ ಹಿಂದೆ, ನಮ್ಮ ಕೈಗೆ ಸಿಗದ ಹಾಗೆ.
ಒಗ್ಗರಣೆಗಲ್ಲ, ತಲೆಗಲ್ಲ,
ಮದಲಿಂಗ ಬರುವ ರಾತ್ರಿಗೆ.

ಮನೆಯಲ್ಲಿ ಎಣ್ಣೆ ತೀರಿ
ಒಣ ಖಾರ ನೀರಲ್ಲಿ ಕಲಸಿ ರೊಟ್ಟಿ ತಿಂದ ದಿನವೂ
ಅದನ್ನು ಮುಟ್ಟಲಿಲ್ಲ ಎಸ್ತೇರವ್ವ.
ಶನಿವಾರ ಸಂಜೆ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವಳು,
ತೊಡೆಯ ಮೇಲೆ ಬತ್ತಿ ಹೊಸೆಯುವಳು.
ಬೇವಿನೆಲೆ ನಡುವೆ ಮಡಚಿಟ್ಟ ಬಿಳಿ ಸೀರೆ
ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿ
ಮಲಗುವ ಮುಂಚೆ ಚಪ್ಪಲಿ ತಿರುಗಿಸಿ ಇಡುವಳು, ಬಾಗಿಲ ಕಡೆ.

"ಮೋಡದಾಗ ಹೋಗಾಕ ಚಪ್ಪಲಿ ಯಾಕ ಚಿಗವ್ವಾ?"
"ಮೋಡಕ್ಕಲ್ಲ ಹುಚ್ಚಿ. ಅಂಗಳದಾಗ ಜಾಲಿಮುಳ್ಳು ಅದಾವ."

ಆ ವರ್ಷ ಜಹೀರಾಬಾದಿನ ಬೋಧಕರು ಬಂದು
ತೊಗರಿ ರಾಶಿಯ ಕಣದಲ್ಲಿ ಶಾಮಿಯಾನ ಹಾಕಿಸಿ
ಲೋಕ ಇನ್ನೆಷ್ಟು ದಿನ ಎಂದು
ಕರಿಹಲಗೆಯ ಮೇಲೆ ಕೂಡಿ ಕಳೆದು ತೋರಿಸಿದರು.
ಪ್ರೇಮದಾಸ ಮಾಮ ಬೀಡಿ ಬಿಟ್ಟ, ಏಳು ದಿನ.
ಸಮಾಧಾನಪ್ಪ ಪಾಯಖಾನೆಯ ಗೋಡೆ ಮೊಣಕಾಲ ಮಟ್ಟಕ್ಕೇ ನಿಲ್ಲಿಸಿದ,
ಇನ್ಯಾಕ ಸಿಮೆಂಟು ಅಂತ.
ಅವನ ಹೆಂಡತಿ ನಸುಕಿನಲ್ಲಿ ಚೊಂಬು ಹಿಡಿದು
ಹೊಲದ ಕಡೆ ಹೋಗುತ್ತ
ಬೋಧಕರ ಹೆಸರೆತ್ತಿ ಏನೋ ಅನ್ನುತ್ತಿದ್ದಳು.
ಪ್ರಾರ್ಥನೆಯಂತೂ ಅಲ್ಲ ಅದು.

ಮಾರ್ಚಿನಲ್ಲಿ ಆಣೆಕಲ್ಲು ಬಿತ್ತು.
ಓಣಿಯ ತಗಡುಗಳ ಮೇಲೆ ತುತೂರಿಗಳು ಹರಿದುಬಿದ್ದ ಸದ್ದು.
ಕರೆಂಟಿನ ಕಂಬ ಮಲಗಿತು, ಮೊಬೈಲುಗಳು ಒಂದೊಂದೇ ಸತ್ತವು,
ರೇಶನ್ನಿನಲ್ಲಿ ಚಿಮಣಿ ಎಣ್ಣೆ ನಿಂತು ಎಷ್ಟೋ ಕಾಲ.
ಮೂರನೆಯ ರಾತ್ರಿ, ನಡುರಾತ್ರಿ,
ಬಾಗಿಲು ಬಡಿದ ಸದ್ದು.

"ಬಂದ್ಯಾ ಸ್ವಾಮಿ" ಅಂದಳು ಚಿಗವ್ವ.
ತವರಿನವರು ಕರೆಯಲು ಬಂದಾಗ
ಒಳಗಿನಿಂದ ಮಗಳು ಓಗೊಡುವ ದನಿ.
ಮತ್ತೆ ಕೇಳಲಿಲ್ಲ ಆ ದನಿಯನ್ನು ನಾನು.

ಹೊಸ್ತಿಲಲ್ಲಿ ನಿಂತವಳು ಮಹಬೂಬಿ,
ಸೆರಗಿನಿಂದ ನೀರು ಸುರಿಸುತ್ತ.
"ಎಸ್ತೇರಕ್ಕಾ, ನಮ್ಮ ಶಮೀಮಗ ನೋವು ಶುರು ಆಗ್ಯಾವ.
ಹಳ್ಳ ಬಂದದ, ಗಾಡಿ ಬರಂಗಿಲ್ಲ.
ದಾಯಿಗಿ ಕತ್ತಲಾಗ ತನ್ನ ಕೈ ತನಗ ಕಾಣವಲ್ದು.
ಜರಾ ಎಣ್ಣಿ ಇದ್ರ..."

ಟ್ರಂಕಿನ ಹಿಂದೆ ಹೋದ ಕೈ
ಅಲ್ಲೇ ನಿಂತಿತು.
ಹೊರಗೆ ಮಳೆ, ಒಳಗೆ ನಾನು, ನಡುವೆ ಆ ಕೈ.
ಆ ಹತ್ತು ಕನ್ನಿಕೆಯರ ಅಧ್ಯಾಯ ಅವಳಿಗೆ ಬಾಯಿಪಾಠ,
ಕೊಡದವರು ಒಳಗೆ ಹೋದರು, ಕೇಳಿದವರಿಗೆ ಬಾಗಿಲು ಮುಚ್ಚಿತು.
ಎಷ್ಟು ಹೊತ್ತು ನಿಂತಿತೋ. ಒಂದು ಉಸಿರು, ಎರಡು.
ಆಮೇಲೆ ಬಾಟಲಿ, ದೀಪ, ಹೊಸೆದಿಟ್ಟ ಬತ್ತಿಗಳ ಗಂಟು,
ಸೀರೆಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು
ಕತ್ತಲಲ್ಲಿ ತಡವರಿಸದೆ ಚಪ್ಪಲಿ ಮೆಟ್ಟಿದಳು.
ಅವು ತಿರುಗಿಯೇ ಇದ್ದವಲ್ಲ.

ಕೋಳಿ ಕೂಗಿದ ಮೇಲೆ ಬರಿಗೈಲಿ ಬಂದು
"ಹೆಣ್ಣು" ಅಂದಳು. "ಸೀರ್ಯಾಗ ಸುತ್ತಿ ಬಂದೀನಿ."
ತಂಗಳ ರೊಟ್ಟಿ ಮುರಿದು ಕೂತಳು.
ನನಗೆ ತಡೆಯಲಿಲ್ಲ: "ಆ ಐದು ಮಂದಿ ಶಾಣ್ಯಾರು ಕೊಟ್ಟಿರಲಿಲ್ಲ, ಚಿಗವ್ವಾ."
ಬಹಳ ಹೊತ್ತು ಅಗಿದಳು.
"ಅವರ ಬಗಲ ಮನ್ಯಾಗ ಯಾರೂ ಹಡಿಲಾಕತ್ತಿರಲಿಲ್ಲ ಕಾಣ್ತದ."
ಬೆರಳಿಗಂಟಿದ ಎಣ್ಣೆಯನ್ನು ಕೂದಲಿಗೆ ಒರೆಸಿಕೊಂಡು
ಮೆಲ್ಲಗೆ, ನನಗಲ್ಲ ಅನ್ನುವಂತೆ,
"ಅಂವ ಬೈದ್ರ ಬೈಸ್ಕೋತೀನಿ."

ಆ ಭಾನುವಾರ ಬೋಧಕರು ಮತ್ತೆ ಬಂದು
ಸಿದ್ಧರಿರುವವರು ಕೈ ಎತ್ತಿ ಅಂದರು.
ಚರ್ಚಿನ ತುಂಬ ಕೈಗಳು, ಪ್ರೇಮದಾಸ ಮಾಮನದು ಎರಡೂ.
ಎಸ್ತೇರವ್ವ ನನ್ನ ಹೆಗಲ ಮೇಲೆ ನಿದ್ದೆಹೋಗಿದ್ದಳು,
ಬಾಯಿ ಅರೆ ತೆರೆದು, ಕುಸುಬಿ ವಾಸನೆ ಸೂಸುತ್ತ.
ಆ ಕತೆಯಲ್ಲಿ ಹತ್ತೂ ಮಂದಿ ತೂಕಡಿಸಿದ್ದರಂತೆ,
ಶಾಣ್ಯಾರೂ.
ಎದ್ದುಬಿಟ್ಟಾಳೆಂದು
ನಾನು ಕೈ ಎತ್ತಲಿಲ್ಲ.