ಹಾಸನಕ್ಕೆ ನಾಟಕ ತರುವವರಿಗೆ

ಆರೂವರೆಗೆ ಅಂತ ಕರಪತ್ರದಲ್ಲಿರುತ್ತೆ,
ನಂಬಬೇಡಿ. ಮೂರನೇ ಗಂಟೆ ಹೊಡೆಯುವುದು
ಅತಿಥಿಗಳ ಕಾರು ಎನ್.ಆರ್. ಸರ್ಕಲ್ ದಾಟಿದ ಮೇಲೆ.
ಅಲ್ಲೀತನಕ ಹೊಟ್ಟೆಗೊಂದು ದಾರಿ ಬೇಕು.

ನಾನು ಬಣ್ಣದ ಪೆಟ್ಟಿಗೆಯವಳು. ಇಪ್ಪತ್ತೆರಡು ವರ್ಷದಿಂದ
ಈ ಊರಿನ ರಾಜರ ಗಲ್ಲ ನನ್ನ ಅಂಗೈಯಲ್ಲಿ.
ಯಾರು ಏನು ತಿಂದು ಬಂದರು ಅಂತ
ಅವರು ಬಾಯಿ ಬಿಡುವ ಮೊದಲೇ ಗೊತ್ತಾಗುತ್ತೆ.

ಆಟಕ್ಕೆ ಮುಂಚೆ ಬೋಂಡ ಮುಟ್ಟಬೇಡಿ.
ಗೊತ್ತು, ಇದು ಆಲೂಗಡ್ಡೆಯ ಊರು,
ಸಂತೆಪೇಟೆಯ ತಿರುವಿನಲ್ಲಿ ಬಾಣಲೆ ಚೊಯ್ ಎಂದರೆ
ಕಾಲು ನಿಮ್ಮ ಮಾತು ಕೇಳುವುದಿಲ್ಲ.
ಕರೆಂಟಾಫೀಸಿನ ಜವರಪ್ಪ,
ಹಗಲು ಮೀಟರು ಓದುವವರು, ರಾತ್ರಿ ಸೇನಾಪತಿ,
ಅಂಟಿಸಿದ ಮೀಸೆಯಲ್ಲೇ ಮೂರು ಬೋಂಡ ಮುಗಿಸಿ ಬಂದು
ಕತ್ತಿ ಹಿರಿದು ಗುಡುಗಿದಾಗ
ಅರ್ಧ ಮೀಸೆ ಚಟ್ನಿಯ ಜೊತೆ ಹೊರಟುಹೋಗಿತ್ತು,
ಉಳಿದರ್ಧ ತೇಗಿತು.
ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.
ಅದು ದುರಂತ ನಾಟಕ.

ಮುಂಚೆ ಅಂದರೆ ಎರಡು ಇಡ್ಲಿ, ಅಷ್ಟೇ.
ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ, ಮಹಡಿ ಮೆಟ್ಟಿಲ ಕೆಳಗೆ
ಸುಬ್ರಾಯ ಭಟ್ಟರ ಆರು ಮೇಜು.
ಕಾಫಿ ಅರ್ಧ ಲೋಟಕ್ಕೇ ನಿಲ್ಲಿಸಿ ಅನ್ನಿ:
ರಾಣಿ ವೇಷಕ್ಕೆ ಹದಿನೇಳು ಪಿನ್ನು,
ಎರಡನೇ ಅಂಕದ ನಡುವೆ ಬಿಚ್ಚಿ ಕಟ್ಟುವುದು
ನನ್ನ ಕೈಲಾಗದು.

ಆಮೇಲಿನ ಹಸಿವಿನ ಮಾತೇ ಬೇರೆ.
ಹನ್ನೊಂದೂವರೆಗೆ ಊರು ಷಟರೆಳೆದು ಮಲಗಿರುತ್ತೆ,
ನಿಮ್ಮ ಮೈಯಲ್ಲಿನ್ನೂ ಯುದ್ಧ ನಡೆದೇ ಇರುತ್ತೆ.
ಸ್ಟೇಷನ್ ರಸ್ತೆಯಲ್ಲಿ ನಡೆಯಿರಿ.
ಬ್ಯಾಟರಿ ಬಲ್ಬಿನ ಹಳದಿಯಲ್ಲಿ ಹಬೆ ಕಂಡರೆ
ಅದೇ ಸಣ್ಣತಾಯಮ್ಮನ ಗಾಡಿ.
ಮುದ್ದೆ, ಹುರುಳಿಕಾಳಿನ ಬಸ್ಸಾರು,
ತಡವಾದವರಿಗೆ ಬರೀ ಸಾರು, ಮೇಲೊಂದಿಷ್ಟು ಈರುಳ್ಳಿ.

ಬಣ್ಣ ಪೂರ್ತಿ ಒರೆಸಬೇಡಿ.
ಕಿವಿಯ ಹಿಂದೆ ಕೊಂಚ ನೀಲಿ ಉಳಿದಿದ್ದರೆ
ಅವಳೇ ಕೇಳುತ್ತಾಳೆ: "ಇವತ್ತೇನಾಯ್ತು ಒಳಗೆ?"
ಒಲೆ ಹಚ್ಚುವ ಹೊತ್ತೂ ಪರದೆ ಏಳುವ ಹೊತ್ತೂ ಒಂದೇ,
ಹಾಗಾಗಿ ಅವಳು ಒಂದು ನಾಟಕವನ್ನೂ ಕಂಡವಳಲ್ಲ.
ಸತ್ತವರಿಗೆ ಮೊದಲ ಮುದ್ದೆ, ಅದು ಅಲ್ಲಿನ ಕಾನೂನು.
"ಚುಚ್ಚಿಸ್ಕೊಂಡು ಬಂದವ್ರೆ ಪಾಪ, ಕೂರ್ಸಿ."
ಕೊಂದವರು ಸಾಲಿನ ಕೊನೆಗೆ.
ಎಂಜಲು ಕೈ ಗಾಳಿಯಲ್ಲಿ, ತುತ್ತು ಗಂಟಲಲ್ಲಿ,
ಒಳಗೆ ಮರೆತ ಮಾತೆಲ್ಲ ಆಗ ನೆನಪಾಗಿ
ಜವರಪ್ಪ ಅಳುತ್ತಾರೆ, ನಿಜವಾಗಿ.
ಮೆಣಸಿನಕಾಯಿ ಅನ್ನುತ್ತಾರೆ.

ಹೋದ ಮಾಘದಲ್ಲಿ ಒಂದು ದಿನ
ಅವಳನ್ನು ಎಳೆದು ತಂದು ಮೊದಲ ಸಾಲಲ್ಲಿ ಕೂರಿಸಿದೆವು,
ಅತಿಥಿಯ ಕುರ್ಚಿ, ಮೆತ್ತೆಯದು.
ರಂಗದ ಕಡೆ ನೋಡಿದ್ದು ಕಡಿಮೆ. ತಿರುತಿರುಗಿ
ಹಿಂದಿನ ಸಾಲುಗಳ ತಲೆ ಎಣಿಸುತ್ತಿದ್ದಳು.
"ಇಷ್ಟ್ ಬಾಯಿ! ಹಿಟ್ಟು ಸಾಲ್ತದಾ?"

ಮುಗಿಯಿತು. ಹೊರಗೆ ಬಂದರೆ ಟಾರ್ಪಾಲು ಹೊದ್ದ ಗಾಡಿ,
ತಣ್ಣಗಿನ ಒಲೆ. ಸೆರಗು ಸಿಕ್ಕಿಸಿ ಅವಳು ನೀರಿಟ್ಟಳು.
ನೀರು ಕುದಿಯುವತನಕ ಮುಕ್ಕಾಲು ಗಂಟೆ
ರಾಜ, ರಾಣಿ, ದೂತ, ನಾನು
ಚಳಿಯಲ್ಲಿ ಕೈ ಉಜ್ಜುತ್ತ ನಿಂತೆವು.
ಹೇಳಲು ಯಾರ ಬಳಿಯೂ ಏನೂ ಇರಲಿಲ್ಲ,
ಎಲ್ಲ ಅವಳೇ ನೋಡಿದ್ದಳು.
ತಟ್ಟೆ ಬಂತು. ಮುದ್ದೆ ಗಂಟಲಲ್ಲಿಳಿಯಲಿಲ್ಲ,
ಸತ್ತವರದ್ದೂ ಅಷ್ಟೇ, ಕೊಂದವರದ್ದೂ ಅಷ್ಟೇ.

ಅವಳು ಸೌಟು ನಿಲ್ಲಿಸಿ ನಮ್ಮನ್ನು ನೋಡಿದಳು.
"ಅಲ್ಲೇನೋ ಆಯ್ತಲ್ಲ, ಅದ ಬಿಡಿ.
ಈಗ ಹೇಳಿ, ಏನಾಯ್ತು?"

ಹೋಗುವಾಗ ಚಿಲ್ಲರೆ ಇಟ್ಟುಕೊಂಡಿರಿ.
ಐನೂರರ ನೋಟು ಕೊಟ್ಟರೆ ಬಯ್ಯುತ್ತಾಳೆ.