ಉಳಿಸಿದ ಹೊತ್ತು

ಅಡುಗೆಮನೆಯ ಮೇಜಿನ ಮೇಲೆ, ಜೀರಿಗೆ ಹಾಕಿದ ಚೀಸಿನ ಪಕ್ಕ,
ವಿದ್ಯುತ್ ಬಿಲ್ಲಿನ ಬೆನ್ನಿಗೆ ಒಂದು ಗೀಟೆಳೆದು
ಎಡಕ್ಕೆ ವಿಮಾನ, ಬಲಕ್ಕೆ ರೈಲು ಎಂದು ಬರೆದೆ.
ವಿಯೆನ್ನಾಕ್ಕೆ ಒಂದು ಮುಕ್ಕಾಲು ಗಂಟೆ, ಅರವತ್ತೆರಡು ಯೂರೋ.
ವಿಯೆನ್ನಾಕ್ಕೆ ಇಡೀ ಒಂದು ರಾತ್ರಿ, ಅದರ ಎರಡರಷ್ಟು ದುಡ್ಡು,
ಜೊತೆಗೆ ಯಾರದೋ ಗೊರಕೆ.
"ಗೊರಕೆ ಮನೆಯಲ್ಲೂ ಇದೆಯಲ್ಲ" ಎಂದಳು ಟಿನೆಕೆ,
ತಲೆಯೆತ್ತದೆ, ಚೀಸು ಕೊಯ್ಯುತ್ತ.

ಹೊಗೆಯ ಲೆಕ್ಕವನ್ನು ಅವಳು ತೆಗೆಯಲಿಲ್ಲ.
ಅದು ನಮ್ಮ ಮಗಳ ಮಾತು, ಹಬ್ಬದೂಟದ ನಡುವೆ ಎತ್ತಿ
ಎಲ್ಲರ ಗಂಟಲಲ್ಲೂ ಆಲೂಗಡ್ಡೆ ನಿಲ್ಲಿಸುವ ಮಾತು.
ಟಿನೆಕೆ ಹೇಳಿದ್ದು ಇಷ್ಟೆ:
"ನನಗೆ ಗಡಿ ದಾಟುವುದು ಗೊತ್ತಾಗಬೇಕು."
"ಗಡಿಯಲ್ಲಿ ಈಗೇನಿದೆ? ಕಾಯುವವರೂ ಇಲ್ಲ.
ಒಂದು ನೀಲಿ ಫಲಕ, ಅದೂ ಕತ್ತಲಲ್ಲಿ."
"ಹಾಗಾದರೆ ಕತ್ತಲು ಗೊತ್ತಾಗಲಿ" ಎಂದಳು.

ಮೂವತ್ನಾಲ್ಕು ವರ್ಷದ ದಾಂಪತ್ಯದಲ್ಲಿ ಮೊದಲ ಸಲ
ಒಂದೇ ಊರಿಗೆ ಎರಡು ದಾರಿ ಹಿಡಿದೆವು.
ಆರ್ನೆಮ್ ನಿಲ್ದಾಣದಲ್ಲಿ ಅವಳು.
ಸ್ಕಿಪೋಲ್‌ನ ಸಾಲಿನಲ್ಲಿ ನಾನು,
ಬೆಲ್ಟು ಬಿಚ್ಚಿ, ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು,
ನನ್ನ ಬೂಟು ನನಗಿಂತ ಮುಂದೆ ಹೋಗುವುದನ್ನು ನೋಡುತ್ತ.
ಅವಳು ಕಟ್ಟಿಕೊಟ್ಟ ಪ್ಲಮ್ ಜಾಮು
ದ್ರವವೆಂದು ತೀರ್ಮಾನವಾಯಿತು.
ಕಸದ ಡಬ್ಬಿಗೆ ಬೀಳುವಾಗ ಅದು
ದ್ರವದ ಹಾಗೆ ಸದ್ದು ಮಾಡಲಿಲ್ಲ.

ಮೋಡದ ಮೇಲೆ ಎಲ್ಲ ದೇಶವೂ ಒಂದೇ ಬಿಳಿ.
ಒಂದು ಬಿಸ್ಕತ್ತು, ಅರ್ಧ ಲೋಟ ನೀರು, ಮಡಿಲಲ್ಲೊಂದು ಪದಬಂಧ.
ಏಳು ಅಡ್ಡ: ಬರುವಿಕೆ, ನಾಲ್ಕಕ್ಷರ.
ನಾಲ್ಕನೆಯದನ್ನು ಬರೆಯುವಷ್ಟರಲ್ಲಿ
ಚಕ್ರ ನೆಲ ಮುಟ್ಟಿತು.

ಒಂಬತ್ತಕ್ಕೆಲ್ಲ ಕೋಣೆ ಸೇರಿದೆ.
ಎರಡು ದಿಂಬು, ಎರಡು ಟವೆಲು, ಎರಡು ಚಾಕೊಲೇಟು.
ಗೆದ್ದೆ ಅನ್ನಿಸಿತು: ಹನ್ನೆರಡು ಗಂಟೆ ಉಳಿಸಿದ್ದೇನೆ.
ಬೀದಿಗಿಳಿದು ಒಬ್ಬನೇ ಸೂಪು ಕುಡಿದೆ.
ತಿರುವಿನಲ್ಲಿ ಟ್ರಾಮು ಕಿರ್ರೆಂದಾಗ
"ಕೇಳಿಸಿತಾ" ಎಂದು ಪಕ್ಕಕ್ಕೆ ತಿರುಗಿದೆ.
ಉಳಿಸಿದ ಹೊತ್ತನ್ನು ಹೊತ್ತು
ಆ ಊರೆಲ್ಲ ಅಲೆದೆ,
ಇಳಿಸಲು ಒಂದು ಜಗಲಿ ಸಿಗಲಿಲ್ಲ.

ಫೋನಿನ ನಕ್ಷೆಯಲ್ಲಿ ಅವಳೊಂದು ನೀಲಿ ಚುಕ್ಕೆ.
ಹನ್ನೊಂದಕ್ಕೆ ರೈನ್ ನದಿಯ ದಡ.
ಎರಡಕ್ಕೆ ಯಾವುದೋ ಹೊಲದ ನಡುವೆ ನಿಂತೇಬಿಟ್ಟಿತು.
ನಲವತ್ತು ನಿಮಿಷ ಚುಕ್ಕೆ ಅಲುಗಲಿಲ್ಲ,
ನಾನೂ ಅಲುಗಲಿಲ್ಲ.
ಊರಿಗೆ ಬಂದವಳು ನೀರಿಗೆ ಬಾರದಿರುವಳೇ
ಎಂದು ನನಗೆ ನಾನೇ ಹೇಳಿಕೊಂಡು
ಅವಳ ಪಾಲಿನ ಚಾಕೊಲೇಟನ್ನೂ ತಿಂದೆ.

ಬೆಳಿಗ್ಗೆ ಪ್ಲಾಟ್‌ಫಾರಂನಲ್ಲಿ ಎರಡು ಕಾಫಿ ಹಿಡಿದು ನಿಂತೆ.
ತಡ ಎಂದಿತು ಫಲಕ. ಮೊದಲು ಇಪ್ಪತ್ತು, ಆಮೇಲೆ ಐವತ್ತೈದು.
ಕಾಫಿ ಆರಿ ತಣ್ಣಗಾದ ಮೇಲೆ ಇಳಿದಳು:
ಕೆನ್ನೆಯ ಮೇಲೆ ದಿಂಬಿನ ಹೊಲಿಗೆಯ ಗೆರೆ,
ಕೋಟಿಗೆ ಯಾರೋ ಸುಲಿದ ಕಿತ್ತಳೆಯ ವಾಸನೆ.
ಮೇಲಿನ ಹಾಸಿಗೆಯಲ್ಲಿ ಒಬ್ಬ ಸೂಲಗಿತ್ತಿಯಂತೆ, ಲಿಂಟ್ಸ್‌ನವಳು.
ಹೊಲದ ನಡುವೆ ರೈಲು ನಿಂತಾಗ
ಕಿಟಕಿ ಇಳಿಸಿ ಇಬ್ಬರೂ ತಲೆ ಹೊರಗೆ ಹಾಕಿದರಂತೆ,
ಕತ್ತಲಲ್ಲಿ ಒಂದು ಹಸು ಕೆಮ್ಮಿತಂತೆ.
"ಥೇಟು ಮನುಷ್ಯರ ಹಾಗೇ, ರೂಲೊಫ್. ನಿನ್ನ ಹಾಗೇ."

"ಗಡಿ?" ಎಂದೆ.
"ಗೊತ್ತಾಗಲಿಲ್ಲ. ನಿದ್ದೆ ಬಂದುಬಿಟ್ಟಿತ್ತು."

ನಗಬೇಕೆಂದಿದ್ದೆ. ಅಷ್ಟರಲ್ಲಿ ಅವಳು
ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ
ಸೊಂಟ ಹಿಡಿದುಕೊಂಡು, ಅಯ್ಯೋ ಎಂದು,
ಚೀಲದಿಂದ ಪ್ಲಮ್ ಜಾಮಿನ ಇನ್ನೊಂದು ಸೀಸೆ ತೆಗೆದಳು.
ಅದರಲ್ಲಿ ಎರಡು ಚಮಚದ ಗುಳಿ.
ಒಂದು ಅವಳದು.

ಕೋಣೆಯಲ್ಲಿ ಬೂಟು ಕೂಡ ಕಳಚದೆ ಮಲಗಿದಳು.
ಕಿಟಕಿಯಾಚೆ ನಾವು ಪಟ್ಟಿ ಮಾಡಿಕೊಂಡಿದ್ದ ಊರು
ತನ್ನ ಪಾಡಿಗೆ ತಾನು ಗಂಟೆ ಬಾರಿಸುತ್ತಿತ್ತು.
ಪರದೆ ಎಳೆದು, ಬೂಟಿನ ದಾರ ಬಿಚ್ಚಿ, ಕುರ್ಚಿಯಲ್ಲಿ ಕೂತೆ.
ಉಳಿಸಿದ್ದರಲ್ಲಿ ಇನ್ನೂ ಚೂರು ಹೊತ್ತು ಮಿಕ್ಕಿತ್ತು,
ಅವಳ ಗೊರಕೆಗೆ ಕೊಟ್ಟೆ.

ಮರಳುವ ಟಿಕೆಟ್ಟನ್ನು
ಇಬ್ಬರೂ ಇನ್ನೂ ಕೊಂಡಿಲ್ಲ.