ಹನ್ನೊಂದು ಸುತ್ತು

ಸಂಪಿಗೆಂದು ತೋಡಿಸಿದ ಗುಂಡಿ.
ಮೂರೂವರೆ ಅಡಿಗೆ ಬಂಡೆ ತಗುಲಿ
ಗಡಾರಿ ಹಿಡಿದವರು ಕೂಲಿ ಇಸಿದುಕೊಂಡು ಹೋದರು.
ಎರಡು ವರ್ಷ ಹಿತ್ತಲಲ್ಲಿ ಹಾಗೇ ಬಾಯಿ ತೆರೆದಿತ್ತು.
ಹೊಂಡ ಮಾಡಿ ತಾವರೆ ಬಿಡೋಣ ಎಂದವಳು ಕೊಟ್ರಮ್ಮ.
ಮಾಡಬೇಕಾದವನು ನಾನು.

ನೀರು ನಿಂತರೆ ಸಾಲದು, ನಡೆಯಬೇಕು.
ನಮ್ಮ ಓಣಿಯಲ್ಲಂತೂ ನಡೆಯಲೇಬೇಕು:
ಮಂಡಕ್ಕಿ ಭಟ್ಟಿಗಳು ಬೆಳಗಿನ ಜಾವ ಹೊತ್ತಿಕೊಂಡರೆ
ಏಳರ ಹೊತ್ತಿಗೆ ನೀರಿನ ಮೇಲೆ
ಕಾಡಿಗೆ ತೀಡಿದಂತೆ ಮಸಿ.

ಹಾಗಾಗಿ ಒಂದು ಪಂಪು, ಜಲ್ಲಿ ತುಂಬಿದ ಒಂದು ಡ್ರಮ್ಮು,
ಇವೆರಡರ ನಡುವೆ
ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ನಾನು ಎಳೆದ ಗೆರೆಗಳು.
ಅದನ್ನೇ ಮಡಚಿ ಮಂಡಿಪೇಟೆಗೆ ಒಯ್ದೆ.

ಗಲ್ಲೆಯ ಮೇಲೆ ಅಪ್ಪ ಇರಲಿಲ್ಲ, ಮಗಳಿದ್ದಳು, ಜಬೀನಾ,
ಕಿವಿಯ ಸಂದಿಯಲ್ಲಿ ಪೆನ್ನು.
ಹಿಂದೆ ಗೋಡೆ ತುಂಬ ಎಲ್ಬೋ, ಟೀ, ರೆಡ್ಯೂಸರ್
ಡಬ್ಬಿ ಡಬ್ಬಿಗಳಲ್ಲಿ
ಬೀಜದ ಅಂಗಡಿಯ ಹಾಗೆ.

"ಗೇಟ್ ವಾಲ್ವ್ ಕೊಡವ್ವ, ಹಿತ್ತಾಳೇದು, ಒಂದೂವರೆ ಇಂಚು."
"ಎದಕ್ಕೆ?"
"ಹೊಂಡಕ್ಕೆ. ಮೀನು ಬಿಡ್ತೀವಿ."
"ಹಂಗಾದ್ರೆ ಬ್ಯಾಡ್ರಿ. ಮೀನಿಗೆ ತಾಮ್ರ ಒಗ್ಗಲ್ಲ,
ಹಿತ್ತಾಳೆ ಒಳಗೂ ಅದೇ ಕುಂತಿರ್ತೈತಿ."

ಬಿಳಿ ಪ್ಲಾಸ್ಟಿಕ್ಕಿನದೊಂದನ್ನು ಗಾಜಿನ ಮೇಲೆ ಇಟ್ಟಳು.
ಬಾಲ್ ವಾಲ್ವ್. ಕೆಂಪು ಹಿಡಿ. ಕಾಲು ಸುತ್ತು.
ಪೈಪಿನ ಜೊತೆ ಉದ್ದಕ್ಕೆ ಮಲಗಿದರೆ ತೆರೆದಿದೆ,
ಅಡ್ಡ ನಿಂತರೆ ಮುಚ್ಚಿದೆ.
ಟಕ್ಕು.
ನಾನೂ ತಿರುಗಿಸಿದೆ. ಟಕ್ಕು.
ಇಷ್ಟೇನಾ?

ಬಾಯ್ಲರ್ ಮನೆಯಲ್ಲಿ ಇಪ್ಪತ್ತಾರು ವರ್ಷ
ಹಬೆಯ ಚಕ್ರ ತಿರುಗಿಸಿದ ಕೈ ಇದು.
ಹನ್ನೊಂದು ಸುತ್ತು ತೆರೆಯಲು, ಹನ್ನೊಂದು ಮುಚ್ಚಲು.
ಅವಸರ ಮಾಡಿದರೆ ಪೈಪಿನೊಳಗೆ ಸುತ್ತಿಗೆ ಏಟು;
ಗ್ಯಾಸ್ಕೆಟ್ ಹಾರಿ ಬೀರಪ್ಪನ ಎಡಗಿವಿ ಹೋದದ್ದು ಹಾಗೇ.
ಮಿಲ್ಲು ನಿಲ್ಲಿಸಿದ ದಿನವೂ ಎಣಿಸಿದ್ದೆ.
ಹನ್ನೊಂದಕ್ಕೆ ಸರಿಯಾಗಿ ನಿಂತಿತು,
ಮಾರನೆಯ ದಿನಕ್ಕೆ ಎಂಬಂತೆ.

ಹುಡುಗಿ ನನ್ನ ರಟ್ಟನ್ನು ತಲೆಕೆಳಗು ಮಾಡಿ ಓದುತ್ತಿದ್ದಳು.
"ಇಲ್ಲಿ ತೊಂಬತ್ತರ ಮೂಲೆ ಯಾಕ್ರಿ?
ನಲವತ್ತೈದರವು ಎರಡು ಹಾಕ್ರಿ,
ನೀರು ಹಾಯಲ್ಲ, ಬಳಸಿಕಂಡು ಹೋಗ್ತೈತಿ.
ಪಂಪಿನ ಆ ಕಡೆ ಈ ಕಡೆ ಯೂನಿಯನ್.
ನಾಳೆ ಪಂಪು ಕೆಟ್ರೆ ಗರಗಸ ತಗಂಡು ಕುಂದರ್ತೀರಾ?
ಚೆಕ್ ವಾಲ್ವ್ ಒಂದು. ಬಾಣ ನೋಡಿ ಹಾಕ್ರಿ ಅಜ್ಜಾರ,
ಎಲ್ರೂ ತಿರುವಿ ಹಾಕಿ ನಮ್ಮನ್ನ ಬೈಯಾಕೆ ಬರ್ತಾರೆ."

ನನಗೆ ಬಾಣ ಹೇಳಿಕೊಡುತ್ತಾಳೆ.
(ತಿರುವಿಯೇ ಹಾಕಿದೆ. ಕಂಡುಹಿಡಿದವಳು ಕೊಟ್ರಮ್ಮ.)

ಬಿಲ್ಲು ಬರೆಯುವಾಗ ನನ್ನ ಕೈ ಮತ್ತೆ
ಹಿತ್ತಾಳೆಯ ಚಕ್ರದ ಮೇಲಿದ್ದುದನ್ನು ನೋಡಿದಳೋ ಏನೋ,
"ಡ್ರಮ್ಮಿನ ಕೊಳೆ ಬಿಡೋ ದಾರಿಗೆ ಇದು ನಡೀತೈತಿ," ಅಂದಳು.
"ಅದು ಹೋಗೋ ನೀರು, ಮೀನಿನ ಕಡೆ ತಿರುಗಿ ಬರಲ್ಲ.
ವಾರಕ್ಕೊಮ್ಮೆ ತಿರುಗಿಸ್ತಿರಬೇಕು ಮತ್ತೆ.
ಬೋರಿನ ನೀರು, ಸುಣ್ಣ ಕಟ್ಟಿ ಹಿಡಕಂತೈತಿ."
ಒಟ್ಟಿನ ಮೇಲೆ ಹತ್ತು ರೂಪಾಯಿ ಬಿಟ್ಟಳು, ಕೇಳದೆಯೇ.

ಅಂಟು ಹಚ್ಚಿ ಮೂವತ್ತು ಎಣಿಸುವ ತನಕ ಒತ್ತಿ ಹಿಡಿದ
ಹದಿನಾಲ್ಕು ಕೀಲುಗಳಲ್ಲಿ
ಒಂದು ಮಾತ್ರ ಈಗಲೂ ಬೆವರುತ್ತದೆ.
ಅದರ ಕೆಳಗೆ ಒಂದೆಲಗ ತಾನಾಗಿ ಹುಟ್ಟಿದೆ,
ಆದ್ದರಿಂದ ರಿಪೇರಿ ಬೇಡವಂತೆ.
ತಾವರೆ ಇನ್ನೂ ಬರೀ ಎಲೆ.

ಭಾನುವಾರ ನುಗ್ಗೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರುತ್ತೇನೆ.
ಅಲ್ಲಿ ಹತ್ತಿಯ ವೇಸ್ಟು ಸುತ್ತಿ ಹಿಡಿಯಬೇಕಿತ್ತು,
ಇಲ್ಲಿ ಚಕ್ರ ತಣ್ಣಗಿದೆ.
ಒಂದು, ಎರಡು,
ಪೈಪು ಕೆಮ್ಮುತ್ತದೆ, ಮೂರು,
ಓಣಿಯ ಒಂದು ವಾರದ ಮಸಿ ಕಪ್ಪಗೆ ಇಳಿದು
ನುಗ್ಗೆಯ ಪಾತಿ ಸೇರುತ್ತದೆ.
ಇದಕ್ಕೆ ಏಳೇ ಸುತ್ತು.
ಕೈ ಇನ್ನೂ ನಾಲ್ಕು ಕೇಳುತ್ತದೆ.
ಕೇಳಲಿ ಅಂತ ಸ್ವಲ್ಪ ಹೊತ್ತು ಅಲ್ಲೇ ಬಿಟ್ಟಿರುತ್ತೇನೆ.

"ಪಂಪು ಆಫ್ ಮಾಡೀರೇನು?"
ಒಳಗಿನಿಂದ ಕೊಟ್ರಮ್ಮ.

ಮಾಡಿರಲಿಲ್ಲ.